ಪರೀಕ್ಷೆಗೆ ಪಕ್ವವಾದ ದಿನ

ಮಾಧವನಗರದಿಂದ ಹೊರಟ ರೈಲು ಸಾಂಗ್ಲಿಯನ್ನು ದಾಟಿ ಮಿರಜನ್ನು ಮುಟ್ಟುವಷ್ಟರಲ್ಲಿ ಮರಾಠಿಯೊಡನೆ ಕನ್ನಡವೂ ಕಿವಿಗೆ ಬೀಳತೊಡಗುವುದೆಂಬುದು ಆ ಸೀಮೆಯನ್ನು ಬಲ್ಲವರಿಗೆ ಹೊಸ ಮಾತಲ್ಲ. ಆದರೆ ಆ ಎರಡು ಪಟ್ಟಣಗಳ ವೇಶ್ಯಾವಾಟಿಕೆಗಳಲ್ಲಿ ಎಷ್ಟೋ ಮಂದಿಯ ಮನೆಮಾತು ಗಡಿಯೀಚೆಯ ಕನ್ನಡವೆಂಬುದೂ, ಅವರಲ್ಲಿ ಹಲವರು ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡವರೆಂಬುದೂ ಸಭ್ಯರ ಸಂಭಾಷಣೆಯಲ್ಲಿ ಬರುವುದಿಲ್ಲ. 1992ರಲ್ಲಿ 'ಸಂಗ್ರಾಮ' ಸಂಸ್ಥೆಯು ಸಾಂಗ್ಲಿಯಲ್ಲಿ ಏಡ್ಸ್ ನಿವಾರಣೆಗೆ ಕೈಹಾಕಿದಾಗ ನಿರೋಧ್ ಹಂಚಲು ಮುಂದಾದವರು ಈ ಸ್ತ್ರೀಯರೇ; 1996ರಲ್ಲಿ ಅವರದೇ ಆದ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು' ರೂಪುಗೊಂಡಿತು. ನಿರೋಧಿಲ್ಲದ ಗಿರಾಕಿಯನ್ನು ಹಿಂದಕ್ಕೆ ಕಳುಹಿಸುವ ಹಟವನ್ನು ರೂಢಿಸಿಕೊಂಡ ಇಂಥವರೂ ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಕ್ರಮವಾಗಿದೆ. ರಕ್ಷಣೆ ಇದ್ದಮೇಲೆ ಪರೀಕ್ಷೆ ಏತಕ್ಕೆಂದು ಕೇಳುವ ಗೃಹಸ್ಥನು ಇದನ್ನು ಗಮನಿಸಬೇಕು.

ನಿರೋಧ್ ಕಾಯುವುದು ತಾನು ಮುಚ್ಚಿದ ಅಂಗಭಾಗವನ್ನಷ್ಟೆ. ದೇಹದ್ರವಗಳಿಂದ ಹರಡುವ ಎಚ್‌ಐವಿ, ಗೊನೋರಿಯಾ, ಕ್ಲಮಿಡಿಯಾಗಳಿಗೆ ಅದು ಬಲವಾದ ಅಡ್ಡಗೋಡೆ. ಚರ್ಮಸ್ಪರ್ಶದಿಂದಲೇ ತಗಲುವ ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್‌ಗಳ ಗಾಯ ಅದರ ಹೊರಗಿದ್ದರೆ ಅದೇನು ಮಾಡೀತು? (ಸಿಫಿಲಿಸನ್ನು ನಮ್ಮ ಹಿರಿಯರು ಪರಂಗಿ ಹುಣ್ಣೆಂದರು, 16ನೆಯ ಶತಮಾನದ ಭಾವಮಿಶ್ರನು ಅದನ್ನು ಫಿರಂಗರೋಗವೆಂದು ಬರೆದಿಟ್ಟನು. ರೋಗಕ್ಕೆ ಪರದೇಶಿಯ ಹೆಸರಿಡುವುದು ಎಲ್ಲ ದೇಶಗಳ ಚಪಲ.)

ಇನ್ನು ಕಾಲದ ವಿಚಾರ. ಸಂಗಮದ ಮರುದಿನವೇ ಗಾಬರಿಯಿಂದ ರಕ್ತ ಕೊಟ್ಟವನಿಗೆ ದೊರೆಯುವ ಉತ್ತರವು ಅವನ ಹಿಂದಿನ ತಿಂಗಳುಗಳ ಉತ್ತರವೇ ಹೊರತು ನಿನ್ನೆಯದಲ್ಲ. ಸೋಂಕು ಒಳಹೊಕ್ಕರೂ ಪರೀಕ್ಷೆಗೆ ಸಿಕ್ಕದೆ ಉಳಿಯುವ ಈ ಅವಧಿಯನ್ನು ವೈದ್ಯರು ಗವಾಕ್ಷಿ ಕಾಲವೆನ್ನುತ್ತಾರೆ, ಏನೂ ಕಾಣದ ಕಾಲಕ್ಕೆ ಕಿಟಕಿಯ ಹೆಸರು ಹೇಗೆ ಒಪ್ಪಿತೋ! ಗೊನೋರಿಯಾ, ಕ್ಲಮಿಡಿಯಾಗಳಿಗೆ ಎರಡು ವಾರ ಕಳೆದ ಮೇಲೆ ಮೂತ್ರವನ್ನೋ ಸ್ರಾವವನ್ನೋ ಪರೀಕ್ಷಿಸಬಹುದು. ಎಚ್‌ಐವಿಗೆ, ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪ್ರತಿಜನಕ ಮತ್ತು ಪ್ರತಿಕಾಯಗಳೆರಡನ್ನೂ ಹುಡುಕುವ ಪ್ರಯೋಗಾಲಯದ ಪರೀಕ್ಷೆಯಾದರೆ 45 ದಿನ, ಬೆರಳು ಚುಚ್ಚಿ ಪ್ರತಿಕಾಯವನ್ನಷ್ಟೇ ನೋಡುವ ಶೀಘ್ರ ಪರೀಕ್ಷೆಯಾದರೆ 90 ದಿನ ಕಳೆದಮೇಲೆಯೇ 'ಇಲ್ಲ'ವೆಂಬ ಮಾತು ನಂಬಲರ್ಹ. ಸಿಫಿಲಿಸ್ ಆರು ವಾರಗಳಲ್ಲಿ ಕಾಣಬಹುದಾದರೂ ಕಡೆಯ ಮಾತಿಗೆ ಮೂರು ತಿಂಗಳು ಬೇಕು. ಹೆಪಟೈಟಿಸ್ ಬಿ ಕೂಡ ಹಾಗೆಯೆ.

ಎರಡು ಸಂದರ್ಭಗಳಲ್ಲಿ ಈ ಗಣನೆ ಸಲ್ಲದು. ಹುಣ್ಣು, ಸ್ರಾವ, ಉರಿಮೂತ್ರ ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ನಿರೋಧ್ ಹರಿದಿದ್ದರೆ 72 ಗಂಟೆಗಳೊಳಗೆ, ಬೇಗನಾದಷ್ಟೂ ಒಳ್ಳೆಯದು, ಎಚ್‌ಐವಿ ತಡೆಯುವ 28 ದಿನಗಳ ಗುಳಿಗೆಯನ್ನು ವೈದ್ಯರೊಡನೆ ವಿಚಾರಿಸಬೇಕು.

ಸರಕಾರಿ ಆಸ್ಪತ್ರೆಗಳ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ; 2017ರ ಎಚ್‌ಐವಿ-ಏಡ್ಸ್ ಕಾಯಿದೆಯಂತೆ ಸಮ್ಮತಿಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಬಯಲುಮಾಡುವಂತಿಲ್ಲ. ನೆರೆಯವರ ಕಣ್ಣಿಗೆ ಅಂಜಿ ಮಾಧವನಗರದವನು ಮಿರಜಿಗೆ ಹೋಗಿ ರಕ್ತ ಕೊಟ್ಟರೂ ದೋಷವಿಲ್ಲ. ಫಲಿತಾಂಶ ಬರುವವರೆಗೆ ಮನೆಯಲ್ಲಿಯೂ ನಿರೋಧ್ ಬಳಸತಕ್ಕದ್ದು, ಕಷ್ಟವಿರುವುದು ಇಲ್ಲಿಯೇ. ನೂರು ಗಿರಾಕಿಗಳ ಮುಂದೆ ಹಟ ಬಿಡದ ಹೆಣ್ಣೂ ತಾನು ಮೆಚ್ಚಿ 'ಮಾಲಕ'ನೆಂದುಕೊಂಡ ಒಬ್ಬನ ಮುಂದೆ ಅದನ್ನು ಬಿಟ್ಟುಕೊಡುವುದುಂಟು.