ಚರ್ಮದಡಿಯ ರಕ್ತವನ್ನು ಅಳೆಯುವ ಬೆಳಕು: ಆಕ್ಸಿಮೀಟರ್ ಖರೀದಿದಾರರ ಗಮನಕ್ಕೆ

ಆಸ್ಪತ್ರೆಗಳ ಉಪಕರಣವೆನಿಸಿದ್ದ ಪಲ್ಸ್ ಆಕ್ಸಿಮೀಟರ್ 2020ರ ಕೋವಿಡ್ ನಂತರ ಔಷಧ ಅಂಗಡಿಗಳ ಸಾಮಾನ್ಯ ಸರಕಾಯಿತು. 2021ರ ಜೂನ್‌ನಲ್ಲಿ ಇದರ ಮೇಲಿನ ಜಿ.ಎಸ್.ಟಿ.ಯನ್ನು ಶೇ. 12ರಿಂದ ಶೇ. 5ಕ್ಕೆ ತಾತ್ಕಾಲಿಕವಾಗಿ ಇಳಿಸಲಾಯಿತು. ಅದೇ ವರ್ಷದ ಜುಲೈ 20ರಿಂದ ವ್ಯಾಪಾರಿ ಲಾಭಾಂಶಕ್ಕೆ ಶೇ. 70ರ ಮಿತಿ ಬಂದಿತು. ದರ ಮತ್ತು ತೆರಿಗೆಗಳ ಕುರಿತು ನಡೆದಷ್ಟು ವಿಚಾರ ಅಳತೆಯ ನಿಖರತೆಯ ಕುರಿತು ನಡೆಯಲಿಲ್ಲ.

ಉಪಕರಣದ ತತ್ತ್ವ ಸರಳವಾದುದು. ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು ಹಾಗೂ 940 ನ್ಯಾನೋಮೀಟರಿನ ಅವಗೆಂಪು ಬೆಳಕು ಬೆರಳಿನ ಅಂಗಾಂಶದ ಮೂಲಕ ಹಾಯ್ದು ಸಂವೇದಕವನ್ನು ಮುಟ್ಟುತ್ತವೆ. ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಆಮ್ಲಜನಕ ಹೊತ್ತದ್ದು ಅವಗೆಂಪನ್ನು. ನಾಡಿಮಿಡಿತದೊಂದಿಗೆ ಏರಿಳಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನವನ್ನು ಜಪಾನಿನ ತಕುವೊ ಅಓಯಾಗಿ 1974ರಲ್ಲಿ ಮಂಡಿಸಿದರು. ಮಿಡಿಯದ ಚರ್ಮ ಮತ್ತು ಮೂಳೆಗಳು ಹೀಗೆ ಲೆಕ್ಕದಿಂದ ಹೊರಗುಳಿಯಬೇಕು.

ವ್ಯವಹಾರದಲ್ಲಿ ಪೂರ್ಣವಾಗಿ ಹಾಗಾಗುವುದಿಲ್ಲ. ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ಸಹ ಕೆಂಪು ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸಿದ್ದಾಗ ಅಪಧಮನಿಯ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಕಂಡುಬಂದ ಪ್ರಮಾಣ ಕಪ್ಪು ವರ್ಣೀಯ ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ತಪ್ಪು ಅಂಕಿ ಇಲ್ಲಿ ಸಮಾಧಾನದ ಕಡೆಗೇ ವಾಲುತ್ತದೆ ಎಂಬುದು ಹೆಚ್ಚಿನ ಅಪಾಯ.

ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಿಗೆ ಇದು ದೂರದ ಸಂಗತಿಯಲ್ಲ. ಪೂರ್ವ ಆಫ್ರಿಕಾ ಮೂಲದ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರ್ಪಡೆಯಾದ ಸಿದ್ದಿ ಸಮುದಾಯ ಇಲ್ಲಿ ನೆಲೆಸಿದೆ. ಬಿಸಿಲಿನಲ್ಲಿ ದುಡಿಯುವ ಇತರ ಶ್ರಮಿಕರ ಮೈಬಣ್ಣವೂ ತಿಳಿಯಲ್ಲ. ಜೋಯಿಡಾದ ಕಾಡಿನ ನಡುವಣ ಹಳ್ಳಿಯೊಂದರಲ್ಲಿ ರೋಗಿಯನ್ನು ದಾಂಡೇಲಿಗೋ ಹುಬ್ಬಳ್ಳಿಗೋ ಸಾಗಿಸುವ ನಿರ್ಧಾರ ಈ ಒಂದು ಅಂಕಿಯನ್ನು ಅವಲಂಬಿಸಬಹುದು. ಉಸಿರಾಟದ ತೊಂದರೆ ಕಣ್ಣಿಗೆ ಕಾಣುತ್ತಿರುವಾಗ 94 ಎಂಬ ಅಂಕಿಯನ್ನು ನಂಬಿ ಕಾಯುವುದು ಸಲ್ಲದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಹಿಂದಿನ ಮಾರ್ಗಸೂಚಿಗೆ ಹತ್ತು ಜನರ ಮೇಲಿನ ಪರೀಕ್ಷೆ ಸಾಕಾಗಿತ್ತು. ಅವರಲ್ಲಿ ಗಾಢವರ್ಣದವರು ಇಬ್ಬರಿದ್ದರೂ ನಡೆಯುತ್ತಿತ್ತು. 2025ರ ಜನವರಿಯ ಕರಡು 150 ಅಥವಾ ಅಧಿಕ ಜನರನ್ನು ಸೂಚಿಸುತ್ತದೆ. ಇನ್‌ವಾಯ್ಸಿನಲ್ಲಿ ಎಚ್.ಎಸ್.ಎನ್. ಸಂಕೇತವನ್ನು ತಪ್ಪದೆ ನೋಡುವ ವರ್ತಕರು ಕೈಪಿಡಿಯ ಕೊನೆಯ ಪುಟಗಳನ್ನೂ ನೋಡುವುದು ಉಚಿತ. ಕಾರ್ಖಾನೆಯ ಪ್ರಥಮ ಚಿಕಿತ್ಸಾ ಕೊಠಡಿಗಾಗಲಿ, ದಾನಕ್ಕಾಗಲಿ ಕೊಳ್ಳುವವರು ಐ.ಎಸ್.ಒ. 80601-2-61 ಮಾನಕದ ಪರೀಕ್ಷಾ ವರದಿಯನ್ನೂ, ಗಾಢವರ್ಣದವರ ಮೇಲೆ ನಡೆದ ಪರೀಕ್ಷೆಯ ವಿವರವನ್ನೂ ಸರಬರಾಜುದಾರರಿಂದ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.