ವೈಟ್‌ಫೀಲ್ಡಿನಿಂದ ತೋಟಕ್ಕೆ ಬಂದ ಹಳೇ ಜೀಪು

ನಮ್ಮ ತೋಟಕ್ಕೆ ಹೋಗುವುದು ಮುಕ್ಕಾಲು ಕಿಲೋಮೀಟರಿನ ಮಣ್ಣಿನ ಏರು. ಮಳೆ ಹಿಡಿದರೆ ಬಾಡಿಗೆ ಪಿಕಪ್‌ನವರು ಬುಡದಲ್ಲೇ ನಿಲ್ಲಿಸುತ್ತಾರೆ. ಗೊಬ್ಬರ, ಸುಣ್ಣ, ಮೈಲುತುತ್ತು ಎಲ್ಲಾ ತಲೆಹೊರೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ಅಮ್ಮನಿಗೆ ಉಸಿರಾಟ ಕಷ್ಟವಾದಾಗ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದೆವು. ಅಂದೇ ನಿರ್ಧರಿಸಿದೆ: ಫೋರ್‌ವೀಲ್ ಜೀಪು ಬೇಕೇ ಬೇಕು.

ಹೊಸ ಥಾರ್ ನಮ್ಮ ಕಿಸೆಗೆ ನಿಲುಕದು. ಹಳೇ ಮಹೀಂದ್ರ ಹುಡುಕುತ್ತಿದ್ದಾಗ ವೈಟ್‌ಫೀಲ್ಡಿನಲ್ಲಿರುವ ತಂಗಿಯ ಮಗ ಫೋನ್ ಮಾಡಿದ. "ಮಾವ, ಇಲ್ಲೊಂದು ಎಂಎಂ 540 ಇದೆ. 1994ರದ್ದು. ಪೂರ್ತಿ ಬಿಚ್ಚಿ ಹೊಸತು ಮಾಡಿದ್ದಾರೆ."

ಹೊರಟೇಬಿಟ್ಟೆ. 2023ರಿಂದ ಕಾಡುಗೋಡಿ ತನಕ ಮೆಟ್ರೊ ಇರುವುದರಿಂದ ಹೋಗುವುದು ಸುಲಭ. ಕಂಪ್ಯೂಟರ್ ಕಂಪೆನಿಗಳ ಎತ್ತರದ ಕಟ್ಟಡಗಳ ಹಿಂದೆ ಒಂದು ಶೆಡ್ಡು, ಅದರೊಳಗೆ ಹಸಿರು ಜೀಪು. ಪವರ್ ಸ್ಟಿಯರಿಂಗ್, ಮುಂದೆ ಡಿಸ್ಕ್ ಬ್ರೇಕ್, ಅಗಲದ ಟಯರು, ಹೊಸ ಸೀಟು. ಕೇಳಿದ್ದು ಐದು ಲಕ್ಷ. ಮಾಲೀಕ ಇಂಜಿನಿಯರು, ಸಂಭಾವಿತ ಮನುಷ್ಯ. ಯಾವುದನ್ನೂ ಮುಚ್ಚಿಡಲಿಲ್ಲ.

ಬಣ್ಣದ ಕೆಳಗೆ

ನಾನು ಜತೆಗೆ ನಮ್ಮೂರಿನ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿದ್ದೆ. ಅವರ ಬಸ್ಸು ಚಾರ್ಜು ದಂಡವಾಗಲಿಲ್ಲ. ಅವರು ಬಣ್ಣ ನೋಡಲೇ ಇಲ್ಲ. ನೇರ ಅಡಿಗೆ ನುಗ್ಗಿದರು. ಚಾಸಿಸ್ಸನ್ನು ಸ್ಪ್ಯಾನರಿನಿಂದ ಬಡಿಯುತ್ತಾ ಹೋದರು. ಗಟ್ಟಿ ಸದ್ದು ಬಂದರೆ ಕಬ್ಬಿಣ, ಬೊದ್ದು ಸದ್ದು ಬಂದರೆ ತುಕ್ಕಿನ ಮೇಲೆ ಮೆತ್ತಿದ ಪುಟ್ಟಿ. ಇಲ್ಲಿ ಗಟ್ಟಿಯೇ ಇತ್ತು.

ಆಮೇಲೆ ಫೋರ್‌ವೀಲ್ ಪರೀಕ್ಷೆ. ಹಳೇ ಜೀಪುಗಳಲ್ಲಿ ಟೂವೀಲ್ ಗಾಡಿಗಳೂ ಇವೆ, ಲಿವರ್ ಇದ್ದೂ ಒಳಗೆ ಕೆಲಸ ಮಾಡದವೂ ಇವೆ. ಮಣ್ಣಿನ ಮೇಲೆ ಲಿವರ್ ಹಾಕಿ ನಿಧಾನ ಓಡಿಸಿ, ಮುಂದಿನ ಶ್ಯಾಫ್ಟ್ ಎಳೆಯುತ್ತದೋ ನೋಡಬೇಕು. ಟಾರು ರಸ್ತೆಯಲ್ಲಿ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಟಾರಿನಲ್ಲಿ ಜಾರಲು ಎಡೆ ಸಿಗದೆ ಗೇರುಪೆಟ್ಟಿಗೆಗೆ ಪೆಟ್ಟು.

ಎಲ್ಲಾ ಪಾಸು. ಬಾನೆಟ್ ಎತ್ತಿದಾಗ ಮಾತ್ರ ಮೆಕ್ಯಾನಿಕ್ ಸುಮ್ಮನಾದರು. ಒಳಗಿದ್ದದ್ದು ಬೇರೆ ಗಾಡಿಯ ದೊಡ್ಡ ಇಂಜಿನ್ನು. ಆರ್.ಸಿ.ಯಲ್ಲಿ ಮಾತ್ರ ಹಳೇ 2112 ಸಿಸಿ ಡೀಸೆಲ್ಲೇ, ನಂಬರೂ ಅದರದ್ದೇ.

"ಇಲ್ಲಿವರೆಗೆ ಯಾರೂ ಕೇಳಿಲ್ಲ," ಎಂದರು ಮಾಲೀಕರು. ಹೌದು, ಅಪಘಾತ ಆಗುವವರೆಗೆ ಯಾರೂ ಕೇಳುವುದಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟದ್ದನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಹೇಳಿದೆ. ನನ್ನ ಜೀಪಿನಲ್ಲಿ ಕೂರುವವರು ಕೆಲಸದವರು, ಮನೆಯವರು. ಏನಾದರೂ ಆಗಿ ವಿಮೆಯವರು ಕೈಯೆತ್ತಿದರೆ ತೋಟ ಮಾರಬೇಕಾದೀತು.

ಎದ್ದು ಹೊರಡುವಾಗ ಮೂಲೆಯಲ್ಲಿ ತಾಡಪಾಲಿನ ಅಡಿ ಹಳೇ ಇಂಜಿನ್ ಕಂಡಿತು. ನಂಬರು ಆರ್.ಸಿ.ಗೆ ತಾಳೆಯಾಯಿತು! "ಇದನ್ನು ವಾಪಸ್ ಕೂರಿಸಿ ಕೊಡ್ತೀರಾದ್ರೆ ತಗೊಳ್ತೇನೆ," ಎಂದೆ. ಮುಂಗಡ ಕೊಡಲಿಲ್ಲ. ಎರಡು ತಿಂಗಳ ನಂತರ ಅವರೇ ಫೋನ್ ಮಾಡಿದರು. ದೊಡ್ಡ ಇಂಜಿನ್ ಅವರೇ ಇಟ್ಟುಕೊಂಡರು. 4 ಲಕ್ಷಕ್ಕೆ ಮುಗಿಯಿತು.

ಕೊಳ್ಳುವವರಿಗೆ

• ಚಾಸಿಸ್, ಇಂಜಿನ್ ನಂಬರುಗಳನ್ನು ನೀವೇ ಓದಿ ಆರ್.ಸಿ. ಜತೆ ತಾಳೆ ನೋಡಿ.

• 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಎಲ್ಲಿವರೆಗೆ ಆಗಿದೆ ಕೇಳಿ. 20 ವರ್ಷ ಮೀರಿದವಕ್ಕೆ 2025ರ ಆಗಸ್ಟಿನಲ್ಲಿ ಈ ಶುಲ್ಕ 10,000 ರೂ.ಗೆ ಏರಿದೆ.

• ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡೇ ಪೂರ್ತಿ ಹಣ ಕೊಡಿ. ಸಾಲ ಇದ್ದದ್ದಾದರೆ ಫಾರಂ 35 ಬೇಕು.

• ನಿಮ್ಮ ಪೇಟೆಯಲ್ಲಿ ಬಿಡಿಭಾಗ ಸಿಗುವ ಇಂಜಿನ್ನೇ ಇರಲಿ.

ಒಂದು ಮಳೆಗಾಲ ಕಳೆದಿದೆ. ಹಳೇ ಇಂಜಿನ್ನಿಗೆ ವೇಗ ಇಲ್ಲ, ಸದ್ದು ಜಾಸ್ತಿ. ಆದರೆ ಲೋ ಗೇರಿನಲ್ಲಿ ಎಂಟು ಚೀಲ ಗೊಬ್ಬರ ಹೊತ್ತು ಏರು ಹತ್ತುತ್ತದೆ. ಜುಲೈಯಲ್ಲಿ ಅಮ್ಮನನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಈ ಸಲ ಮನೆಯಂಗಳದಲ್ಲೇ ಹತ್ತಿಸಿದೆವು.