ಟೇಪಿನ ಮೇಲಿನ ಎರಡು ಅಂಕಿಗಳು

ಕಳೆದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಖರ್ಚಿನ ಪಟ್ಟಿಯಲ್ಲಿ ‘ಬ್ಯಾಕಪ್ ಟೇಪು’ ಎಂಬ ಬಾಬ್ತು ಎರಡು ಸಲ ಬಂದುದನ್ನು ಕಂಡು, ಒಂದು ಸಾಲದೆ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅಂದು ಹೊತ್ತು ಮೀರಿದ್ದರಿಂದ ಸರಿಯಾಗಿ ಉತ್ತರಿಸಲಾಗಲಿಲ್ಲ, ಇಲ್ಲಿ ವಿವರಿಸುತ್ತೇವೆ.

ಬಿಳೇಕಹಳ್ಳಿಯ ನಮ್ಮ ಕಛೇರಿಯ ಸರ್ವರಿನಲ್ಲಿ ಸದಸ್ಯರ ಸಾಲ, ಠೇವಣಿ, ತೂಕದ ಚೀಟಿಗಳ ಲೆಕ್ಕ, ಪಹಣಿಗಳ ಪ್ರತಿ ಎಲ್ಲವೂ ಇವೆ. ಪ್ರತಿ ರಾತ್ರಿ ಇವು ಟೇಪಿಗೆ ನಕಲಾಗಬೇಕು. ನಾವು ತಂದ ಟೇಪಿನ ಪೆಟ್ಟಿಗೆಯ ಮೇಲೆ 3 ಟೆರಾಬೈಟ್ ಎಂದು ದಪ್ಪಕ್ಷರದಲ್ಲಿತ್ತು. ನಮ್ಮ ಸರಕು ಸುಮಾರು 2 ಟೆರಾಬೈಟ್. ಒಂದೇ ಸಾಕೆಂದುಕೊಂಡೆವು. ನಕಲು ಮುಕ್ಕಾಲು ಪಾಲಿಗೆ ನಿಂತು ಇನ್ನೊಂದು ಟೇಪು ಕೇಳುತ್ತಿತ್ತು, ರಾತ್ರಿ ಕೊಡುವವರಾರು? ನಾವು ಗಮನಿಸಿದ್ದು ಒಂಬತ್ತು ದಿನಗಳ ಮೇಲೆ. ಪಟ್ಟಿಯಲ್ಲಿ ಕೊನೆಗಿದ್ದು ಹೊರಗುಳಿದದ್ದು ಸಾಲದ ಖಾತೆಗಳೇ. ಆ ಒಂಬತ್ತು ದಿನ ಸರ್ವರು ಕೆಡದಿದ್ದುದು ನಮ್ಮ ಪುಣ್ಯ. ತಪ್ಪು ನಮ್ಮದೇ. ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿ 1.5 ಎಂದೂ ಇತ್ತು, ಓದಿರಲಿಲ್ಲ.

ಎಲ್‌ಟಿಒ ಎಂಬ ಈ ಜಾತಿಯ ಟೇಪಿನ ಮೊದಲ ತಲೆಮಾರು 2000ದಲ್ಲಿ ಬಂದಾಗಲೂ ಹೀಗೆಯೇ: ನಿಜವಾದ ಅಳತೆ 100 ಗಿಗಾಬೈಟ್, ಹೇಳಿಕೆ 200. ದತ್ತಾಂಶವನ್ನು ಅರ್ಧಕ್ಕೆ ಒತ್ತಬಹುದೆಂಬ ಊಹೆ ಅದರ ಹಿಂದಿದೆ. ಆರನೆಯ ತಲೆಮಾರಿನಿಂದ ಊಹೆಯನ್ನು ಎರಡೂವರೆ ಪಟ್ಟಿಗೆ ಏರಿಸಿದ್ದಾರೆ. ಒಂಬತ್ತನೆಯದರಲ್ಲಿ 18 ಟೆರಾಬೈಟ್ ಹಿಡಿಯುವ ಟೇಪಿನ ಮೇಲೆ 45 ಎಂದಿರುತ್ತದೆ. ಚೆರಿ ಕಾಫಿಯ ಮೂಟೆಯನ್ನು ಕ್ಯೂರಿಂಗಿಗೆ ಕೊಡುವ ಮೊದಲೇ ಔಟ್‌ಟರ್ನ್ ಇಷ್ಟೇ ಬರುವುದೆಂದು ಮೂಟೆಯ ಮೇಲೆ ಬರೆದಂತೆ!

ಒತ್ತುವುದು ಹೇಗೆ? ಬರಹದಲ್ಲಿ ಮರಳಿ ಬಂದ ಭಾಗವನ್ನು ಪೂರ್ತಿ ಬರೆಯದೆ, ‘ಹಿಂದೆ ಇಂತಲ್ಲಿ ಇದ್ದದ್ದೇ’ ಎಂದು ಗುರುತು ಹಾಕುವುದು. ಲೆಂಪೆಲ್ ಮತ್ತು ಝಿವ್ ಎಂಬ ವಿದ್ವಾಂಸರು 1977ರಲ್ಲಿ ಪ್ರಕಟಿಸಿದ ವಿಧಾನವಿದು. ಟೇಪು ಯಂತ್ರದೊಳಗಿನದೂ ಅದೇ ಮನೆತನದ್ದು. ನಮ್ಮ ಖಾತೆ ಪುಸ್ತಕಗಳಿಗೆ ಇದು ಬಲು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದೇ ಹೆಸರು, ಅದೇ ಊರು ಸಾಲುಸಾಲಾಗಿ ಬರುತ್ತವೆ. ಕನ್ನಡಕ್ಕಂತೂ ಇನ್ನೂ ಹೆಚ್ಚು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟು. ‘ಅಡಿಕೆ’ ಎಂಬುದಕ್ಕೆ ಸ್ವರಚಿಹ್ನೆ ಸೇರಿ ಹದಿನೈದು. ಆದರೆ ಮೂರರಲ್ಲಿ ಮೊದಲನೆಯ ಬೈಟು ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹೀಗೆ ಉಬ್ಬಿದ್ದು ಸುಲಭವಾಗಿ ಇಳಿಯುತ್ತದೆ.

ತೊಡಕಿರುವುದು ಚಿತ್ರಗಳಲ್ಲಿ. ಸ್ಕ್ಯಾನ್ ಮಾಡಿದ ಪಹಣಿ, ಗೋದಾಮಿನ ಕ್ಯಾಮೆರಾದ ವಿಡಿಯೋ, ಜೆಪೆಗ್ ಫೋಟೋ ಇವೆಲ್ಲ ಮೊದಲೇ ಒತ್ತಲ್ಪಟ್ಟವು. ಒಣಗಿದ ಚಾಲಿ ಅಡಿಕೆಯನ್ನು ಮತ್ತೆ ಅಂಗಳಕ್ಕೆ ಹರಡಿದರೆ ತೂಕ ಎಷ್ಟು ಇಳಿದೀತು? ನಮ್ಮ 2 ಟೆರಾಬೈಟಿನಲ್ಲಿ ಬಹುಪಾಲು ಇಂಥದೇ. ಗುಪ್ತಲಿಪಿಗೆ ತಿರುಗಿಸಿದ ಕಡತವೂ ಇಳಿಯದು. ಆದ್ದರಿಂದ ಮೊದಲು ಒತ್ತಿ, ಆಮೇಲೆ ಗುಪ್ತಲಿಪಿ ಮಾಡಬೇಕು.

ಇನ್ನೊಂದು ಸಣ್ಣ ಗೊಂದಲ. ಟೇಪಿನವರ ಟೆರಾಬೈಟ್ ಸಾವಿರದ ಲೆಕ್ಕ. ಕೆಲವು ಕಂಪ್ಯೂಟರುಗಳು 1024ರ ಲೆಕ್ಕ ತೋರಿಸುತ್ತವೆ. ಆಗ 1.5 ಎಂಬುದು 1.36 ಎಂದು ಕಾಣುತ್ತದೆ. ಯಾರೂ ಕದ್ದದ್ದಲ್ಲ.

ದೊಡ್ಡ ಟೇಪೊಂದನ್ನೇ ಕೊಳ್ಳಬಾರದಿತ್ತೆ ಎಂದರೆ, ನಮ್ಮದು ಐದನೆಯ ತಲೆಮಾರಿನ ಯಂತ್ರ. ಅದು ತನ್ನ ತಲೆಮಾರಿನ ಮತ್ತು ಅದರ ಹಿಂದಿನ ಟೇಪಿಗೆ ಮಾತ್ರ ಬರೆಯಬಲ್ಲದು, ಮುಂದಿನದು ಹಿಡಿಸದು. ಹೊಸ ಯಂತ್ರಕ್ಕಿಂತ ಎರಡು ಟೇಪು ಅಗ್ಗ.

ಈಗ ಸಾಲ, ಠೇವಣಿಯ ಖಾತೆಗಳು ಮೊದಲ ಟೇಪಿಗೆ, ಚಿತ್ರ ಮತ್ತು ವಿಡಿಯೋ ಎರಡನೆಯದಕ್ಕೆ ಹೋಗುತ್ತಿವೆ. ನಕಲು ಮುಗಿದ ವರದಿಯನ್ನು ಬೆಳಿಗ್ಗೆ ಗುಮಾಸ್ತರು ಓದಿ ಸಹಿ ಹಾಕುತ್ತಾರೆ. ತಿಂಗಳಿಗೊಮ್ಮೆ ಯಾವುದಾದರೊಂದು ಖಾತೆಯನ್ನು ಟೇಪಿನಿಂದ ಮರಳಿ ತೆಗೆದು ತಾಳೆ ನೋಡುತ್ತೇವೆ. ತಮ್ಮ ಖಾತೆಯನ್ನೇ ಹಾಗೆ ತೆಗೆದು ನೋಡಬೇಕೆನ್ನುವ ಸದಸ್ಯರು ತಿಂಗಳ ಮೊದಲ ಶನಿವಾರ ಕಛೇರಿಗೆ ಬರಬಹುದು.